ಕೆಂಪು ಗುಂಡಿಗೆ ಬಿದ್ದ ಗಂಟು

ನಾನು ಒಂದು ಮಿಕ್ಸರ್. ಹೆಸರು ಕೇಳಿದ ತಕ್ಷಣ ಕಾಯಿತುರಿ ಹಿಡಿದುಕೊಂಡು ಓಡಿ ಬರಬೇಡಿ. ಚಟ್ನಿ ಅರೆಯುವ ನನ್ನ ಹೆಸರಿನವನಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅರೆದು ಒಂದೇ ಮುದ್ದೆ ಮಾಡುವುದಷ್ಟೇ ಗೊತ್ತು. ನಾನು ಬೆರೆಸುವುದು ದನಿಗಳನ್ನು. ಬೆರೆಸಿದ ಮೇಲೂ ಒಂದೊಂದು ದನಿ ತಾನು ತಾನಾಗಿಯೇ ಉಳಿಯಬೇಕು. ಉಳಿಯದೆ ಹೋದರೆ ತಪ್ಪು ನನ್ನದಲ್ಲ, ನನ್ನ ಗುಂಡಿ ಎಳೆದವರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಒಬ್ಬರು ಗುಂಡಿ ಎಳೆಯುತ್ತಾರೆ.

ನಾನು ಹುಟ್ಟಿದ್ದು ಗದಗಿನ ಒಂದು ಇಕ್ಕಟ್ಟಿನ ಓಣಿಯಲ್ಲಿ, ರೇಡಿಯೋ ರಿಪೇರಿ ಮಾಡುತ್ತಿದ್ದ ದಸ್ತಗೀರಸಾಬರ ಮೇಜಿನ ಮೇಲೆ. ನನ್ನ ಮೈ ಎಣ್ಣೆ ಡಬ್ಬದ ತಗಡು. ಒಳಗಡೆ ಇಣುಕಿದರೆ ಅರ್ಧ ಶೇಂಗಾಕಾಯಿಯ ಚಿತ್ರ ಇಂದಿಗೂ ಇದೆ. ಮೇಲೆ ನಾಲ್ಕು ಸೀಳು ಕೊರೆದು, ಒಂದೊಂದರಲ್ಲೂ ಮೇಲೆ ಕೆಳಗೆ ಜಾರುವ ಒಂದೊಂದು ಗುಂಡಿ ಕೂರಿಸಿದರು. ಗುಂಡಿ ಮೇಲೇರಿಸಿದರೆ ಆ ದನಿ ಏರುತ್ತದೆ, ಕೆಳಗಿಳಿಸಿದರೆ ಇಳಿಯುತ್ತದೆ, ಪೂರಾ ಕೆಳಗೆಳೆದರೆ ಸತ್ತೇ ಹೋಗುತ್ತದೆ. ಮೂರು ಕರಿ ಗುಂಡಿಗಳು ಸಿಕ್ಕವು. ನಾಲ್ಕನೆಯದು ಸಿಗಲಿಲ್ಲ. ಯಾವುದೋ ಗುಜರಿ ಪೆಟ್ಟಿಗೆಯಿಂದ ಒಂದು ಕೆಂಪು ಗುಂಡಿ ಕಿತ್ತು ಮೂರನೆಯ ಸೀಳಿಗೆ ಹಾಕಿದರು.

ನನ್ನನ್ನು ಕೊಳ್ಳಲು ಬಂದ ಮೈಕ್ ಸೆಟ್ಟಿನ ಹನಮಂತಸಾ ಮುಖ ಸಿಂಡರಿಸಿದರು. "ಇದೇನ್ರೀ ಸಾಹೇಬ್ರ, ಒಂದ ಬ್ಯಾರೆ ಬಣ್ಣದ್ದು?"

"ಬಣ್ಣ ಬ್ಯಾರೆ ಆದ್ರ ಕೆಲಸ ಬ್ಯಾರೆ ಆಕ್ಕೈತೇನ್ರೀ?" ಅಂದರು ದಸ್ತಗೀರಸಾಬರು. ಹಳ್ಳಿಗಳಲ್ಲಿ ಕರೆಂಟಿನ ಭರವಸೆ ಇಲ್ಲವೆಂದು ನನ್ನನ್ನು ಕಾರಿನ ಬ್ಯಾಟರಿಯ ಮೇಲೂ ನಡೆಯುವಂತೆ ಮಾಡಿದ್ದರು. ಈ ಒಂದು ಗುಣವೇ ಮುಂದೆ ನನ್ನ ಹಣೆಬರಹ ಬದಲಿಸಿತು.

ಹನಮಂತಸಾ ಬಳಿ ಹದಿನೇಳು ವರ್ಷ ದುಡಿದೆ. ಮದುವೆ, ನಾಮಕರಣ, ಭಾಷಣ, ಕಳೆದುಹೋದ ಮಕ್ಕಳ ಕೂಗು, ಎಲ್ಲವೂ ನನ್ನ ಮೂಲಕವೇ ಹೋಯಿತು. ನಾನು ಯಾವಾಗಲೂ ನೆಲದ ಮೇಲೆ. ಮನುಷ್ಯರನ್ನು ಕೆಳಗಿನಿಂದ ನೋಡಿ ನೋಡಿ ಅವರ ಗದ್ದ, ಮೂಗಿನ ಹೊಳ್ಳೆ, ಉಬ್ಬಿದ ಗಂಟಲ ನರ ನನಗೆ ಬಾಯಿಪಾಠ. ಮಂತ್ರಿಯಿಂದ ಹಿಡಿದು ವಾಲಗದವರ ತನಕ ಬಂದವರದೆಲ್ಲ ಒಂದೇ ಮಾತು: "ನನ್ನ ದನಿ ಸ್ವಲ್ಪ ಏರಸ್ರಿ." ಹದಿನೇಳು ವರ್ಷದಲ್ಲಿ ಒಬ್ಬರಾದರೂ "ನನ್ನದು ಸ್ವಲ್ಪ ಇಳಸ್ರಿ" ಅನ್ನಲಿಲ್ಲ. ಮನುಷ್ಯ ಜಾತಿಯೇ ಹೀಗೆ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. ಆ ತೀರ್ಮಾನ ತಪ್ಪು ಅಂತ ತೋರಿಸಿದವರ ಕಥೆ ಇದು.

ಹೊಸ ನಮೂನೆಯ ಪೆಟ್ಟಿಗೆಗಳು ಬಂದ ಮೇಲೆ ನಾನು ಹನಮಂತಸಾ ಮಂಚದ ಕೆಳಗೆ ಸೇರಿದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವನು ಬೆಟಗೇರಿಯ ಅಂದಾನಿ. ಇಪ್ಪತ್ತಾರರ ಪ್ರಾಯ, ಮೊಬೈಲ್ ರಿಪೇರಿ ಅಂಗಡಿ, ಮೈತುಂಬ ಹಾಡಿನ ಹುಚ್ಚು. "ಒಯ್ಯಪಾ, ಜಾಗಾರ ಖಾಲಿ ಆಕ್ಕೈತಿ" ಅಂದರು ಹನಮಂತಸಾ. ಬೀಳ್ಕೊಡುಗೆ ಅಂದರೆ ಅಷ್ಟೇ.

ಅಂದಾನಿಯದು ನೇಕಾರರ ಮನೆ. ಓಣಿಯ ತುಂಬ ಕರೆಂಟಿನ ಮಗ್ಗಗಳು. ಬೆಳಗ್ಗೆ ಶುರುವಾದರೆ ಊರು ಮಲಗುವ ಹೊತ್ತಿನ ತನಕ ಖಟ್ ಖಟಾ ಖಟ್ ಖಟಾ. ಆ ಸದ್ದಿನಲ್ಲಿ ಮನೆಯೊಳಗೆ ಹಾಡು ಹಿಡಿಯುವುದೆಂದರೆ ಸಂತೆಯಲ್ಲಿ ಗುಟ್ಟು ಹೇಳಿದ ಹಾಗೆ. ಅಂದಾನಿ ಒಂದು ಉಪಾಯ ಕಂಡುಕೊಂಡಿದ್ದ. ಕರೆಂಟು ಹೋದಾಗ ಮಗ್ಗಗಳೆಲ್ಲ ನಿಲ್ಲುತ್ತವೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ, ನನಗೆ ಕಾರಿನ ಬ್ಯಾಟರಿ. ಕರೆಂಟು ಹೋಯಿತೆಂದು ಊರೆಲ್ಲ ಬೈಯುವಾಗ ನಮ್ಮ ಮನೆಯಲ್ಲಿ ಮಾತ್ರ "ಹೋತು, ಹೋತು, ಬರ್ರಿ!" ಎಂದು ಸಂಭ್ರಮ. ನಡುಮನೆಯ ಗೋಡೆಗೆ ಕೌದಿ ತೂಗುಹಾಕಿ, ಮೈಕು ನಿಲ್ಲಿಸಿ, ಹಾಡು ಶುರು.

ಆ ಮನೆಯಲ್ಲಿ ಇಬ್ಬರು ಹಾಡುತ್ತಿದ್ದರು. ಒಬ್ಬರು ಅಂದಾನಿಯ ತಾಯಿ ಫಕ್ಕೀರವ್ವ, ತೆಳ್ಳನೆಯ ಸಿಹಿ ದನಿಯವರು. ಇನ್ನೊಬ್ಬರು ಅವರ ನೆಗೆಣ್ಣಿ ತುಂಗವ್ವ, ಹಿರಿಯ ಸೊಸೆ, ಅಂದಾನಿಗೆ ದೊಡ್ಡವ್ವ. ತುಂಗವ್ವನದು ದಪ್ಪ ದನಿ. ಅಡಿಗೆಮನೆಯಲ್ಲಿ ಕೆಮ್ಮಿದರೆ ಓಣಿಯ ಕಡೆಯ ಮನೆಗೂ ತುಂಗವ್ವ ಅಂತ ತಿಳಿಯುತ್ತಿತ್ತು. ಮೂವತ್ತು ವರ್ಷ ಬೆಟಗೇರಿಯ ಮದುವೆಗಳಲ್ಲಿ ಸೋಬಾನೆ ಅಂದರೆ ಈ ಇಬ್ಬರೇ. ಫಕ್ಕೀರವ್ವ ಮುಂದೆ ಹೇಳುವಾಕೆ, ತುಂಗವ್ವ ಹಿಂದೆ ಹಿಡಿಯುವಾಕೆ. ಮುಂದಿನಾಕೆ ಸಾಲು ಮುಗಿಸುವ ಮೊದಲೇ, ಕೊನೆಯ ಪದದ ಮೇಲೆ ಹಿಂದಿನಾಕೆ ಹಾಡನ್ನು ಎತ್ತಿಕೊಳ್ಳಬೇಕು. ಆ ಒಂದು ಕ್ಷಣದಲ್ಲಿ ಮುಂದಿನಾಕೆ ಉಸಿರು ತೆಗೆದುಕೊಳ್ಳುತ್ತಾಳೆ. ಕೇಳುವವರಿಗೆ ಹಾಡು ಎಲ್ಲೂ ತುಂಡಾಗುವುದಿಲ್ಲ. ಹೊಗಳಿಕೆ ಮಾತ್ರ ಯಾವಾಗಲೂ ಫಕ್ಕೀರವ್ವನಿಗೆ.

ನಾನು ಆ ಮನೆಗೆ ಬರುವ ನಾಲ್ಕು ವರ್ಷ ಮೊದಲು ತುಂಗವ್ವನ ಗಂಡ ತೀರಿಕೊಂಡಿದ್ದರು. ಅಂದಿನಿಂದ ತುಂಗವ್ವ ಮದುವೆಯ ಚಪ್ಪರದೊಳಗೆ ಕೂರಲಿಲ್ಲ, ಬಾಗಿಲ ಹಿಂದೆ ನಿಂತರು. ಹಾಡಲೂ ಇಲ್ಲ. ಹಾಗೆ ಮಾಡು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅರಿಶಿಣದ ತಟ್ಟೆಯೇ ಅವರನ್ನು ದಾಟಿಕೊಂಡು ಹೋಗುವುದನ್ನು ಕಲಿತಿತ್ತು. ಮನೆಯಲ್ಲಿ ಮಗ್ಗದ ಮುಂದೆ ಮಾತ್ರ ಹಾಡಿಕೊಳ್ಳುತ್ತಿದ್ದರು. ಅವರದು ಕೈಮಗ್ಗ, ಕರೆಂಟಿನ ಹಂಗಿಲ್ಲದ್ದು. ಜೊತೆಯಿಲ್ಲದೆ ಫಕ್ಕೀರವ್ವನೂ ಮದುವೆಗಳಲ್ಲಿ ಸೋಬಾನೆ ಎತ್ತುವುದು ಬಿಟ್ಟಿದ್ದರು.

ಹೀಗಿರುವಾಗ ಅವರ ಒಬ್ಬಳೇ ಮಗಳು ಸುವರ್ಣಾಳ ಮದುವೆ ಗೊತ್ತಾಯಿತು. "ನನ್ನ ಅರಿಷಿಣಕ್ಕ ಅವ್ವ ಹಾಡದಿದ್ರ ನನಗ ಆ ಅರಿಷಿಣಾನ ಬ್ಯಾಡ" ಎಂದು ಹುಡುಗಿ ಹಟ ಹಿಡಿದಳು. ಅಂದಾನಿ ದಾರಿ ಹುಡುಕಿದ. ಇಬ್ಬರ ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡುವುದು, ಅರಿಶಿಣದ ದಿನ ಸ್ಪೀಕರಿನಲ್ಲಿ ಹಾಕುವುದು. ತುಂಗವ್ವ ಬಾಗಿಲ ಹಿಂದೆಯೇ ಇರಲಿ, ದನಿ ಚಪ್ಪರದಲ್ಲಿ ಇರುತ್ತದೆ.

ಅಂದಾನಿಯ ತಂದೆ ಶೇಖರಪ್ಪ, ಅಂದರೆ ತುಂಗವ್ವನ ಮೈದುನ, ಮನೆಯ ಯಜಮಾನ. ಕೆಟ್ಟವರೇನಲ್ಲ. ಮಂದಿಗೆ ಅಂಜುವವರು. "ವೈನಿ, ಮಂದಿ ಏನಂದಾರು?" ಎಂದು ರಾಗ ಎಳೆದರು.

ತುಂಗವ್ವ ಕೈಲಿದ್ದ ಮಗ್ಗದ ಲಾಳಿ ಕೆಳಗಿಟ್ಟರು. "ದನಿಗಿ ಹಣಿ ಇರತೈತೇನು ಶೇಖರಪ್ಪ, ಕುಂಕುಮ ಐತೋ ಇಲ್ಲೋ ಅಂತ ನೋಡಾಕ?"

ಶೇಖರಪ್ಪ ಹೆಗಲ ವಸ್ತ್ರ ಕೊಡವಿ ಹೊರಗೆ ನಡೆದರು. ತುಂಗವ್ವ ಅದನ್ನೇ ಒಪ್ಪಿಗೆ ಅಂದುಕೊಂಡರು. ಮಗಳಿಗಾಗಿ ತಾವೇ ಒಂದು ಹಾಡು ಕಟ್ಟಿದರು, ಮಗ್ಗದ ಮಾತಿನಲ್ಲೇ: ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡ ಹಾಯುವ ಬಣ್ಣದ ಎಳೆ ಹೊಕ್ಕು.

*ಹಾಸೀನ ಎಳಿಯಾಗ ಹೊಕ್ಕೀನ ಬಣ್ಣಾದಂಗ*
*ಸೂಸ್ಯಾಡಿ ಬಂದಾಳ ಮದಮಗಳ, ಸೋಬಾನ,*
*ಹಾಸಿ ಕೊಡಿರವ್ವ ಹಸಿಮಣಿಯ.*

ಮಾರನೆಯ ದಿನ ಅಂಗಳದಲ್ಲಿ ಅಂದಾನಿ ಬ್ರಷ್ಷಿನಿಂದ ನನ್ನ ಸೀಳುಗಳಲ್ಲಿ ಸೇರಿದ್ದ ಹತ್ತಿಯ ಧೂಳು ತೆಗೆಯುತ್ತಿದ್ದ. ಶೇಖರಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಅಂದಾನಿ, ಅವರು ಹಾಡ್ಲಿ. ಮನಸಿಗಿ ಸಮಾಧಾನ ಆಕ್ಕೈತಿ. ಆದ್ರ ಅವರ ದನಿ ಒಳಗ ಹೋಗಬಾರದು. ಅರಿಷಿಣಕ್ಕ ಬೀಗರು ಬಂದು ಕುಂತಿರ್ತಾರ. ಆ ದನಿ ಯಾರಿಗಿ ಗೊತ್ತಿಲ್ಲ?"

"ಅಪ್ಪಾ, ಅದು ಮೋಸ ಆಕ್ಕೈತಿ."

"ಮೋಸ ಅಲ್ಲೋ. ಸಂಭಾಳಿಸೂದು ಅಂತಾರ ಅದಕ್ಕ. ಹ್ಯಾಂಗೂ ಅವರು ಹಿಂದ ಹಿಡಿಯಾವರು. ಹಿಂದಿನ ದನಿ ಇಲ್ಲದಿದ್ರ ಹಾಡಿಗೇನು ಕಡಿಮಿ?"

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಒಬ್ಬ ಹೆಂಗಸನ್ನು ಅವಳದೇ ಹಾಡಿನಿಂದ ತೆಗೆಯುವ ಮಾತು. ನನ್ನ ಮೈ ಉರಿಯಿತು. ಅಂದಾನಿ ತಲೆ ತಗ್ಗಿಸಿ ಬ್ರಷ್ ಆಡಿಸುತ್ತಲೇ ಇದ್ದ.

ಮಂಗಳವಾರ ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಓಣಿ ಸುಮ್ಮನಾಯಿತು. ಫಕ್ಕೀರವ್ವನ ಮೈಕು ನನ್ನ ಮೊದಲ ಗುಂಡಿಗೆ, ತುಂಗವ್ವನದು ಮೂರನೆಯ ಕೆಂಪು ಗುಂಡಿಗೆ. ತುಂಗವ್ವ ಸೆರಗು ಹೊದ್ದು, ಕಣ್ಣು ಮುಚ್ಚಿ ನಿಂತರು. ನಾಲ್ಕು ವರ್ಷದ ಮೇಲೆ ಮದುವೆಯ ಹಾಡು ಹಾಡುವ ಗಂಟಲು ಅದು. ಫಕ್ಕೀರವ್ವ ಮೊದಲ ಸಾಲು ಎತ್ತಿದಾಗ ಅಂದಾನಿಯ ಬೆರಳು ಕೆಂಪು ಗುಂಡಿಯನ್ನು ಮೆಲ್ಲಗೆ ಕೆಳಗೆ ಎಳೆಯಿತು. ನಾನು ಕರ್ರ್ ಎಂದೆ. ನನ್ನಿಂದ ಆದದ್ದು ಅಷ್ಟೇ. ಇನ್ನೂ ಧೂಳು ಉಳಿದಿದೆ ಅಂತ ಅವನು ತಿಳಿದ.

ತುಂಗವ್ವ ಹಾಡಿದರು. ತಂತಿಯಲ್ಲಿ ಹರಿದು ನನ್ನ ಬಾಗಿಲ ತನಕ ಬಂದ ಆ ದನಿ ಅಲ್ಲಿಯೇ ನಿಂತಿತು. ಮದುವೆಯ ಗದ್ದಲ, ರಾಜಕೀಯದ ಸುಳ್ಳು, ಏನೆಲ್ಲ ನನ್ನೊಳಗೆ ಹಾದುಹೋಗಿದೆ. ಯಾವುದಕ್ಕೂ ನಾನು ನಾಚಿರಲಿಲ್ಲ. ಅವತ್ತು ನಾಚಿದೆ.

ನಾಲ್ಕು ಗಂಟೆಗೆ ಎಲ್ಲರೂ ಚಹಾ ಹಿಡಿದು ಕೇಳಲು ಕೂತರು. ಮೊದಲು ಗೊತ್ತಾದದ್ದು ಫಕ್ಕೀರವ್ವನಿಗೆ. "ಇದೇನಿದು? ಗುಡ್ಡಾ ಹತ್ತಿ ಬಂದಾಕಿ ಗತೆ ತೇಕಾಕತ್ತೀನಲ್ಲ ನಾ!" ನಿಜವೇ. ಪ್ರತಿ ಸಾಲಿನ ಕೊನೆಗೆ ಒಂದು ತೂತು, ಆ ತೂತಿನಲ್ಲಿ ಫಕ್ಕೀರವ್ವನ ಏದುಸಿರು. ಮೂವತ್ತು ವರ್ಷ ಆ ಉಸಿರನ್ನು ಯಾರು ಮುಚ್ಚಿಟ್ಟಿದ್ದರು ಅನ್ನುವುದು ಅವರಿಗೆ ಅವತ್ತೇ ಕಿವಿಯಾರೆ ಕೇಳಿಸಿತು.

ತುಂಗವ್ವನ ದನಿ ಪೂರಾ ಇರಲಿಲ್ಲ ಎಂದಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಹಾಡಿದ್ದರಲ್ಲ, ಆ ದಪ್ಪ ದನಿ ಫಕ್ಕೀರವ್ವನ ಮೈಕಿಗೂ ಒಂದಿಷ್ಟು ತಾಗಿತ್ತು. ದೂರದಿಂದ, ಗೋಡೆಯ ಆಚೆಯಿಂದ ಬಂದಂತೆ ಕೇಳುತ್ತಿತ್ತು. ತುಂಗವ್ವ ಬಟ್ಟಲು ನೆಲಕ್ಕಿಟ್ಟು ಅದನ್ನೇ ಕೇಳಿದರು. ಹಾಡು ಮುಗಿಯುವ ತನಕ ಬಿಡದೆ ಕೇಳಿದರು.

"ಅಂದಾನಿ, ಇಲ್ಲೂ ನನ್ನ ಬಾಗಲ ಹಿಂದ ನಿಂದರ್ಸೀಯೇನೋ?"

ಅಂದಾನಿ ಅತ್ತುಬಿಟ್ಟ. ಮಗ ಅಳುವುದನ್ನು ನೋಡಿ ಶೇಖರಪ್ಪನೇ ಬಾಯಿಬಿಟ್ಟರು. "ನಾನ ಹೇಳಿದ್ದೆ ವೈನಿ. ಬೀಗರು ಏನಾರ ಅಂದಾರು ಅಂತ..."

"ನೀನೂ ನೇಕಾರ ಅದಿಯಲ್ಲ ಶೇಖರಪ್ಪ," ಅಂದರು ತುಂಗವ್ವ. ದನಿ ಏರಿಸಲಿಲ್ಲ, ಏರಿಸಬೇಕಾದ ದನಿಯೂ ಅದಲ್ಲ. "ಸೀರ್ಯಾಗ ಮಂದಿ ನೋಡೂದು ಹೊಕ್ಕಿನ ಬಣ್ಣ. ಹಾಸು ಯಾರ ಕಣ್ಣಿಗೂ ಬೀಳಂಗಿಲ್ಲ. ಹಂಗಂತ ಹಾಸು ಕತ್ತರಿಸಿ ಒಗದು ಒಂದ ಸೀರಿ ನೇಯ್ದು ತೋರ್ಸು. ಅವತ್ತ ನಾ ಸುಮ್ಮನಾಕ್ಕೀನಿ. ಇವಳು ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ಇವಳ ಅರಿಷಿಣದಾಗ ನನ್ನ ದನಿ ಇರಬೇಕು. ಇರತೈತಿ."

"ಅಕ್ಕ ಇಲ್ದ ನಾ ಬಾಯಿ ತಗಿಯಾಂಗಿಲ್ಲ," ಎಂದು ಫಕ್ಕೀರವ್ವ ಗಂಡನ ಕಡೆ ತಿರುಗಿದರು. "ಬೇಕಂದ್ರ ಬೀಗರ ಮುಂದ ನೀವ ಹಾಡ್ರಿ ಸೋಬಾನ."

ಸಾರಿಗೆ ಬಿದ್ದ ಉಪ್ಪನ್ನು ಹೇಗೆ ಹೊರತೆಗೆಯಲು ಬರುವುದಿಲ್ಲವೋ ಹಾಗೆಯೇ ಬಿಟ್ಟುಹೋದ ದನಿಯನ್ನು ಆಮೇಲೆ ಸೇರಿಸಲೂ ನನ್ನಿಂದ ಆಗುವುದಿಲ್ಲ. ಹಾಡುವಾಗ ಬೆರೆತದ್ದೇ ಕಡೆಯ ತನಕ. ಹಾಗಾಗಿ ಮತ್ತೆ ಮೊದಲಿನಿಂದ ಹಾಡಬೇಕಾಯಿತು. ಅರಿಶಿಣಕ್ಕೆ ಐದು ದಿನ ಉಳಿದಿತ್ತು. ಬೇಡವೆಂದಾಗಲೆಲ್ಲ ಹೋಗುತ್ತಿದ್ದ ಕರೆಂಟು ಆಗ ಮೂರು ದಿನ ಹೋಗದೆ ಕಲ್ಲು ಕಂಬದ ಹಾಗೆ ಗಟ್ಟಿಯಾಗಿ ಉಳಿಯಿತು. ಶೇಖರಪ್ಪ ದೇವರ ಇಚ್ಛೆ ಅನ್ನುವ ಮುಖ ಮಾಡಿಕೊಂಡು ಓಡಾಡಿದರು.

ನಾಲ್ಕನೆಯ ದಿನ ತುಂಗವ್ವ ಚಪ್ಪಲಿ ಮೆಟ್ಟಿ ಹೊರಟರು. ಓಣಿಯ ಮಗ್ಗದ ಮನೆಗಳಿಗೆ ಒಂದೊಂದಾಗಿ ಹೋದರು. ನಾನು ನಡುಮನೆಯಲ್ಲಿದ್ದರೂ ಆ ದನಿ ಕೇಳಿಸುತ್ತಿತ್ತು, ಮಗ್ಗದ ಸದ್ದನ್ನೂ ಮೀರಿ: "ನನ್ನ ಮಗಳ ಅರಿಷಿಣದ ಹಾಡು ಹಾಡಾಕತ್ತೀನಿ. ಅರ್ಧ ತಾಸು ಮಗ್ಗ ನಿಂದರ್ಸ್ರಿ." ಬೇಡುವ ದನಿ ಅಲ್ಲ. ಮೊದಲ ಮನೆಯ ಮಗ್ಗ ನಿಂತಿತು. ಎರಡನೆಯದು ನಿಂತಿತು. ಒಂದೊಂದಾಗಿ ಇಡೀ ಓಣಿ ನಿಂತಿತು. ಕರೆಂಟು ಇದ್ದೂ ಬೆಟಗೇರಿಯ ಆ ಓಣಿ ಹಾಡಹಗಲು ಸುಮ್ಮನಾದದ್ದನ್ನು ನಾನು ಅದೊಂದೇ ಸಲ ಕಂಡದ್ದು. ಯಾರ ಹಾಡು, ಯಾರ ದನಿ ಎಂಬುದು ಈಗ ಎಲ್ಲರಿಗೂ ಗೊತ್ತಾಗಿತ್ತು. ಶೇಖರಪ್ಪ ಮುಚ್ಚಿಡಬೇಕೆಂದಿದ್ದ ಗುಟ್ಟು ಓಣಿಯ ಕಟ್ಟೆಗಳ ಮೇಲೆಲ್ಲ ಕೂತು ಕಾಯುತ್ತಿತ್ತು.

ತುಂಗವ್ವ ಒಳಗೆ ಬಂದವರೇ ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. "ಅದನ್ನ ಇಲ್ಲಿ ಕೊಡು" ಅಂತ ಅಂದಾನಿಯ ತಲೆಯಿಂದ ಹೆಡ್‌ಫೋನ್ ತೆಗೆದು ಸೆರಗಿನ ಮೇಲೆಯೇ ಏರಿಸಿಕೊಂಡರು. "ನನ್ನ ದನಿ ಯಾವ ಗುಂಡ್ಯಾಗೈತಿ?"

"ಕೆಂಪದು, ದೊಡ್ಡವ್ವ."

ಕೆಂಪು ಗುಂಡಿಯನ್ನು ಒಂದೇ ಸಲಕ್ಕೆ ತುದಿಯ ತನಕ ನೂಕಿದರು. ಇಬ್ಬರೂ ಒಂದು ಸಾಲು ಹಾಡಿ ನೋಡಿದರು. ತುಂಗವ್ವನ ಹುಬ್ಬು ಮೇಲೇರಿತು. "ಅಯ್ಯ! ಫಕ್ಕೀರಿ ಎಲ್ಲಿ ಹ್ವಾದಳು? ಬರೇ ನಾನ ಅದೀನಲ್ಲ." ನಕ್ಕರು. ಆಮೇಲೆ ಅವರು ಮಾಡಿದ್ದನ್ನು ನೋಡಿ ನಾನು ದಂಗಾದೆ. ಗುಂಡಿಯನ್ನು ಒಂದು ಎಳೆಯಷ್ಟು ಕೆಳಗೆ ತಂದರು. ಹಾಡಿದರು, ಕೇಳಿದರು. ಇನ್ನೊಂದು ಎಳೆಯಷ್ಟು. ಮಗ್ಗದಲ್ಲಿ ಹಾಸಿನ ಬಿಗಿ ನೋಡುವ ಬೆರಳು ಅದು, ಅದಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ಹದಿನೇಳು ವರ್ಷ ಹನಮಂತಸಾ ಬಳಿ ಕಾದರೂ ನಾನು ಕಾಣದ್ದನ್ನು ಅವತ್ತು ಕಂಡೆ: ತನ್ನ ದನಿಯನ್ನು ತಾನೇ ಇಳಿಸಿಕೊಂಡ ಒಂದು ಮನುಷ್ಯಜೀವ. ಒಂದು ಜಾಗಕ್ಕೆ ಬಂದಾಗ ಬೆರಳು ನಿಂತಿತು. ಅಲ್ಲಿ ಫಕ್ಕೀರವ್ವನ ಸಿಹಿಯೂ ಇತ್ತು, ಅದರ ಕೆಳಗೆ ತುಂಗವ್ವನ ಗಟ್ಟಿಯೂ ಇತ್ತು, ಉಸಿರಿನ ತೂತು ಮುಚ್ಚಿತ್ತು.

"ಇಷ್ಟ ಸಾಕು. ಮುಂದ ಹೋಗೂದು ನನಗ ಬ್ಯಾಡ. ನನ್ನ ಜಾಗದಿಂದ ಕೆಳಗ ಇಳಿಯಾಂಗಿಲ್ಲ."

ಹೇಳಿ ಸುಮ್ಮನಾಗಲಿಲ್ಲ. ಮಗ್ಗದಿಂದ ಒಂದು ರೇಷ್ಮೆ ಎಳೆ ತಂದು, ಕೆಂಪು ಗುಂಡಿಯ ಕತ್ತಿಗೆ ಸುತ್ತಿ, ಮೇಲಿನ ತಿರುಪಿಗೂ ಕೆಳಗಿನ ತಿರುಪಿಗೂ ಬಿಗಿದು ಗಂಟು ಹಾಕಿದರು. ಹರಿದ ಎಳೆ ಕೂಡಿಸಲು ನೇಕಾರರು ಹಾಕುವ ಗಂಟು ಅದು. ನೋಡಿದರೆ ಕಾಣದು, ಎಳೆದಷ್ಟೂ ಬಿಗಿಯುತ್ತದೆ. ಕೂಡಿಸಿದ ಎಳೆಗೆ ಕತ್ತರಿ ಹಾಕಬಾರದು ಎಂಬುದು ಆ ಮನೆಯಲ್ಲಿ ಅಜ್ಜನ ಕಾಲದ ಕಟ್ಟಳೆ. ತುಂಗವ್ವ ಬಾಗಿಲಲ್ಲಿ ನಿಂತಿದ್ದ ಶೇಖರಪ್ಪನ ಮುಖ ನೋಡಿಯೇ ಗಂಟಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದರು. ಹಾಡು ಒಂದೇ ಸಲಕ್ಕೆ ಬಂತು.

ಅರಿಶಿಣದ ದಿನ ಮನೆಯ ಮುಂದೆಯೇ ಚಪ್ಪರ. ನನ್ನನ್ನು ಪಡಸಾಲೆಯಲ್ಲಿಟ್ಟು ಲ್ಯಾಪ್‌ಟಾಪನ್ನೂ ದೊಡ್ಡ ಸ್ಪೀಕರನ್ನೂ ನನಗೆ ಜೋಡಿಸಿದ್ದರು. ಸುವರ್ಣಾ ಮಣೆಯ ಮೇಲೆ ಕೂತಳು. ಬೀಗರು ಮುಂದಿನ ಸಾಲಿನಲ್ಲಿ. ತುಂಗವ್ವ ಎಂದಿನಂತೆ ಬಾಗಿಲ ಹಿಂದೆ, ನನ್ನಿಂದ ಎರಡು ಮೊಳ ದೂರ. ಹಾಡು ಶುರುವಾಯಿತು. ಬೀಗತಿ ಅರಿಶಿಣದ ಕೈಯನ್ನು ನಿಲ್ಲಿಸಿ ಕಿವಿಗೊಟ್ಟಳು.

"ಹಿಂದ ಹಿಡದಾವರು ಯಾರ್ರೀ?"

ಶೇಖರಪ್ಪ ಹೆಂಡತಿಯ ಕಡೆ ನೋಡಿದರು. ಫಕ್ಕೀರವ್ವ ಥಟ್ಟನೆ ಅಂದರು, "ಮದಮಗಳ ಅವ್ವಾರ್ರಿ."

"ಗಟ್ಟಿ ಐತ್ರೀ ದನಿ," ಎಂದು ಬೀಗತಿ ಮತ್ತೆ ಅರಿಶಿಣ ಹಚ್ಚತೊಡಗಿದಳು. ಇಷ್ಟಕ್ಕಾಗಿ ಒಬ್ಬ ತಾಯಿಯನ್ನು ಹಾಡಿನಿಂದ ಕೀಳಹೊರಟಿದ್ದರಲ್ಲ ಎಂದು ನನಗೆ ನಗುವೂ ಬಂತು, ಸಿಟ್ಟೂ ಬಂತು.

ಮೂರನೆಯ ನುಡಿ ಮುಗಿದು ಹಾಡು ಮತ್ತೆ ಪಲ್ಲವಿಗೆ ಬಂದಿತ್ತು. *ಸೂಸ್ಯಾಡಿ ಬಂದಾಳ ಮದಮಗಳ* ಅನ್ನುವಲ್ಲಿ ಕರೆಂಟು ಹೋಯಿತು. ಸ್ಪೀಕರು ಸತ್ತಿತು. ಬ್ಯಾಟರಿಯ ಮೇಲಿದ್ದ ನನ್ನ ಪುಟ್ಟ ದೀಪವೊಂದೇ ಉರಿಯುತ್ತಿತ್ತು. ದೀಪ ಉರಿದರೇನು, ದನಿ ಹೊರಗೆ ಹೋಗುವ ದಾರಿ ಮುಚ್ಚಿತ್ತು. ಹಿಂದಿನಾಕೆ ಎತ್ತಿಕೊಳ್ಳಬೇಕಾದ ಜಾಗ ಅದು. ಮೂವತ್ತು ವರ್ಷದ ರೂಢಿ, ಆ ಜಾಗ ಖಾಲಿ ಬಿಟ್ಟು ಗೊತ್ತಿಲ್ಲದ ಗಂಟಲು.

ಬಾಗಿಲ ಹಿಂದಿನಿಂದ ತುಂಗವ್ವ ಎತ್ತಿಕೊಂಡರು. *ಸೋಬಾನ, ಹಾಸಿ ಕೊಡಿರವ್ವ ಹಸಿಮಣಿಯ.*

ಮೈಕಿಲ್ಲ, ತಂತಿಯಿಲ್ಲ, ಗುಂಡಿಯಿಲ್ಲ. ಚಪ್ಪರವೆಲ್ಲ ತಿರುಗಿ ಬಾಗಿಲ ಕಡೆ ನೋಡಿತು. ಚಪ್ಪರದಲ್ಲಿದ್ದ ಫಕ್ಕೀರವ್ವ ಮುಂದಿನ ಸಾಲು ಎತ್ತಿದರು. ತುಂಗವ್ವ ಹಿಡಿದರು. ಸುವರ್ಣಾ ಮಣೆಯ ಮೇಲಿಂದಲೇ ಅರಿಶಿಣದ ಕೈ ಚಾಚಿ, "ಅವ್ವಾ, ಹೊರಗ ಬಾ" ಅಂದಳು. ತುಂಗವ್ವನ ಪಾದ ನನ್ನ ಮುಂದೆಯೇ ಹಾದುಹೋಯಿತು. ಹೊಸಿಲ ಬಳಿ ಒಂದು ಗಳಿಗೆ ನಿಂತಿತು. ಹಾಡು ಮಾತ್ರ ನಿಲ್ಲಲಿಲ್ಲ. ಪಾದ ಹೊಸಿಲು ದಾಟಿತು.

ಶೇಖರಪ್ಪ, "ಫ್ಯೂಜ್ ನೋಡ್ತೀನಿ" ಎಂದು ಎದ್ದು ಹೋದರು. ಫ್ಯೂಜಿಗೆ ಏನೂ ಆಗಿರಲಿಲ್ಲ, ಇಡೀ ಬೆಟಗೇರಿಗೇ ಕರೆಂಟು ಇರಲಿಲ್ಲ. ಆದರೂ ಹಾಡು ಮುಗಿಯುವ ತನಕ ಆ ಫ್ಯೂಜನ್ನೇ ನೋಡುತ್ತ ನಿಂತಿದ್ದರು.

ಇದೆಲ್ಲ ಆಗಿ ವರ್ಷಗಳಾದವು. ಅಂದಾನಿಯ ಬಳಿ ಈಗ ಒಂದೊಂದು ದನಿಯನ್ನೂ ಬೇರೆ ಬೇರೆ ಇಟ್ಟು ಬೇಕಾದಾಗ ಏರಿಸಿ ಇಳಿಸುವ ಸಾಮಾನು ಬಂದಿದೆ. ನಾನು ತುಂಗವ್ವನ ಕೈಮಗ್ಗದ ಪಕ್ಕದ ಗೋಡೆಯ ಗೂಡಿನಲ್ಲಿ, ನೂಲು ಸುತ್ತಿದ ಕಂಡಿಕೆಗಳ ಬುಟ್ಟಿಯ ಜೊತೆ ಕೂತಿದ್ದೇನೆ. ಮೂರು ಗುಂಡಿಗಳು ಸಡಿಲಾಗಿವೆ, ಮುಟ್ಟಿದರೆ ತಾವಾಗಿಯೇ ಕೆಳಗೆ ಜಾರುತ್ತವೆ. ತುಂಗವ್ವನ ದನಿಯೂ ಈಗ ಮೊದಲಿನಂತಿಲ್ಲ, ಒಡೆದಿದೆ. ಆದರೂ ಓಣಿಯಲ್ಲಿ ಮದುವೆ ಎಂದರೆ ಚಪ್ಪರದೊಳಗೆ ಹೋಗಿ ಕೂರುತ್ತಾರೆ. ಅವರನ್ನು ನೋಡಿ ಅವರಂತೆಯೇ ಗಂಡನನ್ನು ಕಳೆದುಕೊಂಡ ಇನ್ನಿಬ್ಬರು ಬಾಗಿಲ ಹಿಂದಿನಿಂದ ಹೊರಗೆ ಬಂದು ಕೂರುವುದನ್ನು ಕಲಿತಿದ್ದಾರಂತೆ.

ವಾರಕ್ಕೊಮ್ಮೆ ಗುಜರಿಯವನು ಓಣಿಯಲ್ಲಿ ಕೂಗಿಕೊಂಡು ಹೋಗುತ್ತಾನೆ. ಒಂದು ದಿನ ನನ್ನನ್ನೂ ಅವನ ಗಾಡಿಗೆ ಹಾಕಬಹುದು. ಹಾಕಲಿ. ತಗಡು ಬೇಕಿದ್ದರೆ ಬಡಿದುಕೊಳ್ಳಲಿ, ತಂತಿ ಬೇಕಿದ್ದರೆ ಕಿತ್ತುಕೊಳ್ಳಲಿ, ಅರ್ಧ ಶೇಂಗಾಕಾಯಿಯನ್ನೂ ಒಯ್ಯಲಿ. ಆ ಕೆಂಪು ಗುಂಡಿಯನ್ನು ಮಾತ್ರ ಕೆಳಗೆ ಎಳೆಯಲು ನೋಡಬೇಡಿ. ಎಳೆದಷ್ಟೂ ಅದು ಬಿಗಿಯುತ್ತದೆ.